ನೂರೊಂದು ಕುರ್ಚಿಗಳಲ್ಲಿ ನಮ್ಮದು ಯಾವುದು?



ವಿಜ್ಞಾನ, ತಂತ್ರಜ್ಞಾನ, ಉದ್ಯಮ, ದೇಶದೇಶಗಳ ಮೈತ್ರಿ ಎಂದು ದೊಡ್ಡ ದೊಡ್ಡ ಸಭೆಗಳು ನಮ್ಮ ನಗರಗಳಲ್ಲಿ ಮತ್ತೆ ಮತ್ತೆ ನಡೆಯುತ್ತಿವೆ. ಅವುಗಳಿಂದ ನಮಗೇನು ಬಂತು ಎಂದು ಲೆಕ್ಕ ಕೇಳುವ ಹೊತ್ತು ಬಂದಿದೆ.

2017ರ ನವೆಂಬರ್ 28ರಿಂದ 30ರವರೆಗೆ ನಮ್ಮ ಹೈದರಾಬಾದಿನಲ್ಲಿ ಜಾಗತಿಕ ಉದ್ಯಮಶೀಲತಾ ಶೃಂಗಸಭೆ ನಡೆದುದು ನಿಮಗೆ ನೆನಪಿರಬಹುದು. ಭಾರತ ಮತ್ತು ಅಮೆರಿಕದ ಸರಕಾರಗಳು ಕೂಡಿ ನಡೆಸಿದ ಈ ಸಭೆಗೆ ಸುಮಾರು 150 ದೇಶಗಳಿಂದ 1,500ರಷ್ಟು ಮಂದಿ ಬಂದರು. ಪ್ರಧಾನಿ ನರೇಂದ್ರ ಮೋದಿಯವರೂ ಅಮೆರಿಕದ ಅಧ್ಯಕ್ಷರ ಮಗಳು ಇವಾಂಕಾ ಟ್ರಂಪ್ ಅವರೂ ಭಾಷಣ ಮಾಡಿದರು. ಮಹಿಳೆಯರು ಮೊದಲು, ಎಲ್ಲರಿಗೂ ಸಮೃದ್ಧಿ ಎಂಬುದು ಸಭೆಯ ಘೋಷವಾಕ್ಯ. ಮೊದಲ ರಾತ್ರಿ ಫಲಕ್‌ನುಮಾ ಅರಮನೆಯಲ್ಲಿ ಔತಣವಾಯಿತು. ಅಲ್ಲಿಯ ಊಟದ ಮೇಜು ಹೆಸರುವಾಸಿಯಾದುದು. ಒಂದೇ ಪಂಕ್ತಿಗೆ 101 ಮಂದಿ ಕೂರಬಹುದು.

ಎಲ್ಲರಿಗೂ ಎಂಬ ಮಾತನ್ನು ನಂಬಲು ನಾವೂ ಸಿದ್ಧರಿದ್ದೆವು. ಆದರೆ ಸಭೆಗೆ ಇನ್ನೂ ಮೂರು ವಾರ ಇರುವಾಗಲೇ ಪೊಲೀಸ್ ಆಯುಕ್ತರ ಆಜ್ಞೆ ಹೊರಟಿತು: ಎರಡು ತಿಂಗಳ ಕಾಲ ನಗರದ ಬೀದಿಗಳಲ್ಲಿ ಯಾರೂ ಭಿಕ್ಷೆ ಬೇಡಕೂಡದು! ಬೇಡುವವರನ್ನು ಹಿಡಿದು ಜೈಲಿನ ಆವರಣದ ಆಶ್ರಯಧಾಮಗಳಿಗೆ ಸಾಗಿಸಿದರು. ನೆಂಟರು ಬಂದಾಗ ಮನೆಯ ಮುದುಕಿಯನ್ನು ಹಿತ್ತಿಲಿಗೆ ಕಳಿಸಿದ ಹಾಗಾಯಿತು. ಬಡತನ ಹೋಗಲಿಲ್ಲ, ಬಡವರನ್ನು ಮರೆಮಾಡಿದರು.

ಇಂಥ ಸಭೆಗಳಲ್ಲಿ ಹೋಟೆಲ್ ಕೆಲಸಗಾರರಾದ ನಮ್ಮ ಪಾಲು ಯಾವುದೆಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ಎರಡು ಪಾಳಿ ಸೇರಿ ಒಂದಾಗುತ್ತದೆ. ವಾರದ ರಜೆ ಹೋಗುತ್ತದೆ. ಕಂತ್ರಾಟುದಾರ ಕೊಟ್ಟ ಬಿಳಿ ಅಂಗಿ ತೊಟ್ಟು, ತಟ್ಟೆ ಹಿಡಿದು, ಗೋಡೆಗೂ ಒರಗದೆ ನಿಂತಿರಬೇಕು. ನಮ್ಮಲ್ಲಿ ಕೆಲವರು ಇಂಥದೊಂದು ಸಭೆಯಲ್ಲಿ ಬೆಳಗಿನ ಐದು ಗಂಟೆಯಿಂದ ರಾತ್ರಿ ಹನ್ನೊಂದರವರೆಗೆ ದುಡಿದೆವು. ಒಳಗೆ ದುಡಿಮೆಯ ಭವಿಷ್ಯವೆಂಬ ವಿಷಯದ ಮೇಲೆ ಭಾಷಣ ನಡೆದಿತ್ತು. ಭಾಷಣಕಾರರಿಗೆ ನೀರು ಕೊಟ್ಟವರು ನಾವೇ. ಆ ದಿನದ ಹೆಚ್ಚುವರಿ ಕೂಲಿ ಇಂದಿಗೂ ಕೈಗೆ ಬಂದಿಲ್ಲ.

“ಏಳೆಂಟು ಇಯತ್ತೆ ಓದಿದ ಹೋಟೆಲಿನವರಿಗೆ ವಿಜ್ಞಾನದ ಗೊಡವೆ ಏಕೆ?” ಎಂದು ಕೆಲವು ಮಹನೀಯರು ಕೇಳುತ್ತಾರೆ. ನಾವು ವಿಜ್ಞಾನದ ವೈರಿಗಳಲ್ಲ. ದೇಶದೇಶಗಳ ವಿಜ್ಞಾನಿಗಳು ಕೂಡಿ ದುಡಿದರೆ ಏನಾಗುತ್ತದೆಂಬುದನ್ನು ಈ ಮಹನೀಯರಿಗಿಂತ ಚೆನ್ನಾಗಿ ಬಲ್ಲೆವು. 1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದಾಗ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಆಗ ಡಾಕ್ಟರ್ ದಿಲೀಪ್ ಮಹಲಾನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು ರೋಗಿಗಳಿಗೆ ಕುಡಿಸಿದರು. ಲೋಟದಿಂದ ಕುಡಿಸಿದವರು ರೋಗಿಗಳ ಮನೆಯವರೇ. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇದರ ಹಿಂದೆ ಢಾಕಾ, ಕಲಕತ್ತೆಗಳಲ್ಲಿ ಅಮೆರಿಕದವರೂ ನಮ್ಮವರೂ ವರ್ಷಗಟ್ಟಲೆ ಮಾಡಿದ ಸಂಶೋಧನೆ ಇತ್ತು. ಸಹಕಾರವೆಂದರೆ ಇದು! ಆ ವಿದ್ಯೆ ಅರಮನೆಯ ಮೇಜಿನಲ್ಲಿ ನಿಲ್ಲಲಿಲ್ಲ. ಬಡ ತಾಯಿಯ ಕೈಗೆ ಬಂತು.

ಇಂದಿನ ಸಭೆಗಳು ಹೊಗಳುವ ತಂತ್ರಜ್ಞಾನವೂ ನಮ್ಮ ಅಡುಗೆಮನೆಗೆ ಬಂದಿದೆ. ಆದರೆ ಯಾವ ರೂಪದಲ್ಲಿ? ಫೋನಿನಲ್ಲಿ ಆರ್ಡರು ಬರುತ್ತದೆ. ಹೊರಗೆ ಬಿಸಿಲಿನಲ್ಲಿ ಬೈಕಿನ ಹುಡುಗ ಕಾದಿರುತ್ತಾನೆ. ಕಂಪನಿ ಅವನನ್ನು ಪಾಲುದಾರ ಎನ್ನುತ್ತದೆ. ಪಾಲು ಎಲ್ಲಿದೆ, ಸ್ವಾಮಿ? ಅವನ ಕೂಲಿ ಗೊತ್ತುಮಾಡುವುದು ಯಂತ್ರ. ಕೆಲಸದಿಂದ ತೆಗೆದುಹಾಕುವುದೂ ಯಂತ್ರ. ಯಾಕೆಂದು ಕೇಳಹೋದರೆ ತಟ್ಟಲು ಬಾಗಿಲೇ ಇಲ್ಲ.

ಇದಕ್ಕೆ ದಾರಿ ಇಲ್ಲದೆ ಇಲ್ಲ. 1919ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮ್ಮೇಳನಕ್ಕೆ ಪ್ರತಿ ದೇಶವೂ ನಾಲ್ವರು ಪ್ರತಿನಿಧಿಗಳನ್ನು ಕಳಿಸಬೇಕು: ಸರಕಾರದವರು ಇಬ್ಬರು, ಮಾಲೀಕರ ಕಡೆಯವರು ಒಬ್ಬರು, ಕಾರ್ಮಿಕರ ಕಡೆಯವರು ಒಬ್ಬರು. ಕಾರ್ಮಿಕರ ಪ್ರತಿನಿಧಿಗೂ ಸ್ವಂತ ಓಟು ಉಂಟು. 2025ರ ಜೂನಿನಲ್ಲಿ ಜಿನೀವಾದಲ್ಲಿ ಆ ಸಮ್ಮೇಳನ ನಡೆದಾಗ, ಫೋನಿನ ಆರ್ಡರಿನ ಮೇಲೆ ದುಡಿಯುವವರಿಗೆ ಬರಿಯ ಶಿಫಾರಸು ಸಾಕೆಂದು ಮಾಲೀಕರ ಕಡೆಯವರು ವಾದಿಸಿದರು. ಕಾರ್ಮಿಕರ ಕಡೆಯವರು ಒಪ್ಪಲಿಲ್ಲ. ದೇಶಗಳನ್ನು ಕಟ್ಟಿಹಾಕುವ ಒಡಂಬಡಿಕೆಯೇ ಬೇಕೆಂದು ತೀರ್ಮಾನವಾಯಿತು. ಅದೇ 2025ರಲ್ಲಿ ಕರ್ನಾಟಕದಲ್ಲೂ ಕಾನೂನು ಬಂತು. ಈ ಕಂಪನಿಗಳು ಕೆಲಸಗಾರನಿಗೆ ಕೊಡುವ ಹಣದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಕಲ್ಯಾಣ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರತಕ್ಕದ್ದು. ಕುರ್ಚಿ ಇದ್ದುದರಿಂದ ಜಿನೀವಾದಲ್ಲಿ ಮಾತು ನಡೆಯಿತು. ಕುರ್ಚಿ ಇಲ್ಲದ ಕಡೆ ನಮ್ಮ ಪರವಾಗಿ ಮಾತಾಡುವವರು ಯಾರು?

ಆದುದರಿಂದ ನಮ್ಮ ಬೇಡಿಕೆ ಮೂರು. ತಂತ್ರಜ್ಞಾನದ ಯಾವುದೇ ಅಂತಾರಾಷ್ಟ್ರೀಯ ಸಭೆಗೆ ಸರಕಾರ ಉದ್ಯಮಿಗಳನ್ನು ಕರೆಯುವಾಗ ಕಾರ್ಮಿಕ ಸಂಘಗಳು ಆರಿಸಿ ಕಳಿಸಿದ ಪ್ರತಿನಿಧಿಗಳನ್ನೂ ಕರೆಯಬೇಕು. ಸಭೆಯಲ್ಲಿ ದುಡಿಯುವವರ ಕೂಲಿ ಮತ್ತು ಕೆಲಸದ ಹೊತ್ತನ್ನು ಮೊದಲೇ ಬರೆದು ಗೋಡೆಗೆ ಹಚ್ಚಬೇಕು. ಅತಿಥಿಗಳ ಕಣ್ಣಿಗೆ ಚೆಂದ ಕಾಣಲೆಂದು ಬಡವರನ್ನು ಬೀದಿಯಿಂದ ಎತ್ತುವುದು ನಿಲ್ಲಬೇಕು.

ಬೇಡಿಕೆಯನ್ನು ಅಚ್ಚು ಹಾಕಿಸಿದ ಮಾತ್ರಕ್ಕೆ ಕುರ್ಚಿ ಬರುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮಗೆ ಗೊತ್ತಿದೆ. ಇಂಥ ಸಭೆಗಳಲ್ಲಿ ದುಡಿದು ಕೂಲಿ ಬಾಕಿ ಉಳಿದವರು ತಾರೀಖು, ದುಡಿದ ಹೊತ್ತು, ಕಂತ್ರಾಟುದಾರನ ಹೆಸರು ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಸಂಘದ ಕಚೇರಿಗೆ ತಂದುಕೊಡಿ. ಬರೆಯಲು ಬಾರದವರು ಬಾಯಿಯಲ್ಲಿ ಹೇಳಿ; ನಾವು ಬರೆದುಕೊಳ್ಳುತ್ತೇವೆ. ಮುಂದಿನ ಸಭೆಗೆ ನಾವು ತಟ್ಟೆಯೊಂದನ್ನೇ ಹಿಡಿದು ಹೋಗುವುದಿಲ್ಲ, ಈ ಲೆಕ್ಕವನ್ನೂ ಹಿಡಿದು ಹೋಗುತ್ತೇವೆ.