ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರಿನ ವಾರಂಟಿ: ಭರವಸೆ ಎಷ್ಟು, ಕಾಗದ ಎಷ್ಟು?

ಹಳೆ ಕಾರಿನ ವ್ಯಾಪಾರಕ್ಕೆ 2025ರಲ್ಲಿ ಎರಡು ಕಡೆಯಿಂದ ಬಿಸಿ ತಟ್ಟಿತು. ಜನವರಿ 25ರಿಂದ ನೋಂದಾಯಿತ ಡೀಲರ್‌ಗಳು ಮಾರುವ ಎಲ್ಲಾ ಹಳೆ ಕಾರುಗಳ ಲಾಭಾಂಶದ ಮೇಲೆ ಶೇ 18 ಜಿಎಸ್‌ಟಿ ಬಂತು. ಅಲ್ಲಿಯವರೆಗೆ ಸಣ್ಣ ಕಾರುಗಳಿಗೆ ಇದ್ದದ್ದು ಶೇ 12. ಸೆಪ್ಟೆಂಬರ್ 22ರಿಂದ ಹೊಸ ಕಾರುಗಳ ತೆರಿಗೆ ಇಳಿಯಿತು. ಹೊಸದು ಅಗ್ಗವಾದರೆ ಹಳೆಯದರ ಬೆಲೆಯೂ ತಗ್ಗಬೇಕು. ಹೀಗಿರುವಾಗ ಡೀಲರ್‌ಗಳು ಲಾಭವನ್ನು ಕಾರಿನಲ್ಲಿ ಹುಡುಕುವ ಬದಲು ಕಾರಿನ ಜೊತೆ ಕೊಡುವ ಕಾಗದಗಳಲ್ಲಿ ಹುಡುಕುವುದು ಸಹಜ: ಸಾಲ, ವಿಮೆ ಮತ್ತು ಎಕ್ಸ್‌ಟೆಂಡೆಡ್ ವಾರಂಟಿ.

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನಿಗೆ ಒಂದು ಕಾಟ ತಪ್ಪಿದ್ದಲ್ಲ. ಕಾರು ಕೊಳ್ಳಲು ಹೊರಟ ಗೆಳೆಯರೆಲ್ಲ ಫೋನ್ ಮಾಡುತ್ತಾರೆ. ಈಚೆಗೆ ಬರುವ ಪ್ರಶ್ನೆ ಒಂದೇ: “ಮಗಾ, ವಾರಂಟಿ ಹಾಕಿಸ್ಲಾ, ಬೇಡ್ವಾ?”

ಮೈಸೂರಿನಲ್ಲಿ ಸ್ಪೋರ್ಟ್ಸ್ ಕಾರು ಅಂದರೆ ಹೆಚ್ಚಿನವರ ಮಟ್ಟಿಗೆ ಫೆರಾರಿ ಅಲ್ಲ. ಹೆಬ್ಬಾಳದ ಐಟಿ ಕ್ಯಾಂಪಸ್‌ನಲ್ಲಿ ಏಳೆಂಟು ವರ್ಷ ದುಡಿದವರ ಕಣ್ಣು ಬೀಳುವುದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಹ್ಯುಂಡೈ ಐ20 ಎನ್ ಲೈನ್‌ನಂಥ ಕಾರುಗಳ ಮೇಲೆ. ಜೇಬು ಇನ್ನೂ ದಪ್ಪಗಿದ್ದರೆ ಮಸ್ಟಾಂಗ್ ಅಥವಾ ಪೋರ್ಷೆ. ಇವುಗಳಲ್ಲಿ ಕೆಲವನ್ನು ಇಂದು ಹೊಸದಾಗಿ ಕೊಳ್ಳಲು ಆಗುವುದೇ ಇಲ್ಲ. ಪೋಲೊ 2022ರಲ್ಲಿ ನಿಂತಿತು. ಆಕ್ಟೇವಿಯಾ ಆರ್‌ಎಸ್ 245 ಭಾರತಕ್ಕೆ ಬಂದದ್ದೇ 2020ರಲ್ಲಿ, ಅದೂ 200 ಕಾರು ಮಾತ್ರ, ಎಕ್ಸ್‌ಶೋರೂಂ ಬೆಲೆ 35.99 ಲಕ್ಷ. ಜೊತೆಗೆ ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇ 18ರಷ್ಟು ಜೀವಿತಾವಧಿ ತೆರಿಗೆ, ಅದರ ಮೇಲೆ ಸೆಸ್. ಅಷ್ಟನ್ನೂ ಮೊದಲ ಮಾಲೀಕ ಕಟ್ಟಿ ಮುಗಿಸಿರುತ್ತಾನೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ಅರ್ಥವಿದೆ. ಅದರ ಜೊತೆ ಬರುವ ವಾರಂಟಿಯಲ್ಲಿ ಅರ್ಥವಿದೆಯಾ ಅನ್ನೋದು ಬೇರೆಯದೇ ಲೆಕ್ಕ.

ಯಂತ್ರ ಯಾವಾಗ ಕೆಡುತ್ತದೆ?

ಎಂಜಿನಿಯರಿಂಗ್‌ನಲ್ಲಿ ‘ಬಾತ್‌ಟಬ್ ಕರ್ವ್’ ಅಂತ ಒಂದು ಗ್ರಾಫ್ ಹೇಳಿಕೊಡುತ್ತಾರೆ. ಯಂತ್ರ ಹೊಸದಿದ್ದಾಗ ತಯಾರಿಕೆಯ ದೋಷಗಳಿಂದ ಕೆಡುವುದು ಹೆಚ್ಚು. ಆಮೇಲೆ ಹಲವು ವರ್ಷ ಸುಮ್ಮನೆ ಓಡುತ್ತದೆ, ಕೆಟ್ಟರೂ ಅಪರೂಪಕ್ಕೆ. ವಯಸ್ಸಾದ ಮೇಲೆ ಸವೆತದಿಂದ ಮತ್ತೆ ಕೆಡಲು ಶುರು. ಗೆರೆ ಎಳೆದರೆ ಸ್ನಾನದ ತೊಟ್ಟಿಯ ಆಕಾರ: ಎರಡು ಬದಿ ಎತ್ತರ, ನಡುವೆ ಸಪಾಟು.

ಈಗ ಹಳೆ ಕಾರಿನ ವಾರಂಟಿ ಕರಾರನ್ನು ಈ ತೊಟ್ಟಿಯ ಪಕ್ಕ ಇಟ್ಟು ನೋಡಿ. ಎಡಗಡೆಯ ಗೋಡೆ, ಅಂದರೆ ತಯಾರಿಕೆಯ ದೋಷದ ಕಾಲ, ಕಂಪನಿಯ ಮೂಲ ವಾರಂಟಿಯಲ್ಲೇ ಮುಗಿದಿರುತ್ತದೆ. ಉಳಿದ ದೋಷವೇನಾದರೂ ಇದ್ದರೆ ‘ಮೊದಲೇ ಇದ್ದ ದೋಷ’ ಎಂದು ಹೊರಗಿಡುತ್ತಾರೆ. ಬಲಗಡೆಯ ಗೋಡೆ ಸವೆತದ್ದು. ಕ್ಲಚ್, ಬ್ರೇಕ್, ಟೈರ್, ಬುಷ್, ಬ್ಯಾಟರಿ, ಇವೆಲ್ಲ ‘ಸಹಜ ಸವೆತ’ ಎಂಬ ಶೀರ್ಷಿಕೆಯಡಿ ಹೊರಕ್ಕೆ. ಎರಡೂ ಗೋಡೆ ಕಿತ್ತ ಮೇಲೆ ಉಳಿಯುವುದು ನಡುವಿನ ಸಪಾಟು ನೆಲ. ಕಾರು ಅತಿ ಕಡಿಮೆ ಕೆಡುವ ಕಾಲ ಅದು. ನಾವು ದುಡ್ಡು ಕೊಡುತ್ತಿರುವುದು ಆ ಜಾಗಕ್ಕೆ.

ಮಾಮೂಲಿ ಆಲ್ಟೊ, ಸ್ವಿಫ್ಟ್‌ಗಾದರೆ ಚರ್ಚೆ ಇಲ್ಲಿಗೇ ಮುಗಿಯುತ್ತದೆ: ಬೇಡ. ಸಪಾಟು ಕಾಲದಲ್ಲಿ ಅವು ಕೆಟ್ಟರೂ ಬನ್ನಿಮಂಟಪದ ಯಾವುದಾದರೂ ಗ್ಯಾರೇಜಿನಲ್ಲಿ ಸಂಜೆಯೊಳಗೆ ರಿಪೇರಿಯಾಗುತ್ತದೆ. ಸ್ಪೋರ್ಟ್ಸ್ ಕಾರಿನ ಕಥೆ ಹಾಗಲ್ಲ. ಅದೂ ಅಪರೂಪಕ್ಕೇ ಕೆಡುತ್ತದೆ, ಆದರೆ ಕೆಟ್ಟಾಗ ಬಿಲ್ಲು ಲಕ್ಷದಲ್ಲಿ. ಟರ್ಬೊ, ಡ್ಯುಯಲ್ ಕ್ಲಚ್ ಗೇರ್‌ಬಾಕ್ಸು, ಅದನ್ನು ನಡೆಸುವ ಮೆಕಾಟ್ರಾನಿಕ್ಸ್ ಘಟಕ, ಇವು ಮುನ್ಸೂಚನೆ ಕೊಡದೆಯೂ ಹೋಗಬಹುದು. ವಾರಂಟಿಗೆ ಒಂದು ನ್ಯಾಯವಾದ ಕಾರಣ ಇದ್ದರೆ ಅದು ಇದೇ.

ಒಂದು ಲೆಕ್ಕ

ಉದಾಹರಣೆಗೆ, 14 ಲಕ್ಷದ ಕಾರಿಗೆ ಒಂದು ವರ್ಷದ ವಾರಂಟಿ 45,000 ರೂಪಾಯಿ ಅಂದುಕೊಳ್ಳಿ. ಶೇ 18 ಜಿಎಸ್‌ಟಿ ಸೇರಿ 53,100. ಗೇರ್‌ಬಾಕ್ಸ್ ಹೋದರೆ ಎರಡೂವರೆ ಲಕ್ಷ ಖರ್ಚು ಅಂತಿಟ್ಟುಕೊಳ್ಳೋಣ. ಹಾಗಾದರೆ ಆ ಒಂದು ವರ್ಷದಲ್ಲಿ ಅಂಥ ದೊಡ್ಡ ಹಾನಿಯಾಗುವ ಸಾಧ್ಯತೆ ಶೇ 21 ದಾಟಿದರೆ ಮಾತ್ರ ನಿಮಗೆ ಲಾಭ. ಅಂದರೆ ಇಂಥ ಐದು ಕಾರಿನಲ್ಲಿ ಒಂದರ ಗೇರ್‌ಬಾಕ್ಸ್ ವರ್ಷದೊಳಗೆ ಕೈಕೊಡಬೇಕು. ಕರಾರಿನಲ್ಲಿ ‘ಒಂದು ಕ್ಲೇಮಿಗೆ ಗರಿಷ್ಠ 1.5 ಲಕ್ಷ’ ಅಂತ ಮಿತಿ ಇದ್ದರೆ ಆ ಸಂಖ್ಯೆ ಶೇ 35ಕ್ಕೆ ಏರುತ್ತದೆ. ಮೂರರಲ್ಲೊಂದು! ಅಷ್ಟು ಕೆಡುವ ಕಾರನ್ನು ವಾರಂಟಿ ಇದ್ದರೂ ಕೊಳ್ಳಬಾರದು.

ಹಾಗಂತ ಸರಾಸರಿಯೊಂದೇ ಲೆಕ್ಕವಲ್ಲ. ಇಎಂಐ ಕಟ್ಟುತ್ತಾ, ಮನೆಗೆ ದುಡ್ಡು ಕಳಿಸುತ್ತಾ ಇರುವವನಿಗೆ ಒಂದೇ ಏಟಿಗೆ ಎರಡೂವರೆ ಲಕ್ಷ ಬಂದೆರಗಿದರೆ ಬದುಕೇ ಅಲ್ಲಾಡುತ್ತದೆ. ಅಂಥವರು ಲೆಕ್ಕದಲ್ಲಿ ಸ್ವಲ್ಪ ನಷ್ಟವಾದರೂ ನೆಮ್ಮದಿಗೆ ದುಡ್ಡು ಕೊಟ್ಟರೆ ತಪ್ಪಿಲ್ಲ. ಆದರೆ ಕ್ಲೇಮ್ ಹಾಕಿದ ದಿನ ಆ ನೆಮ್ಮದಿ ನಿಜವಾಗಿ ಸಿಗಬೇಕಲ್ಲ, ತೊಡಕಿರುವುದು ಅಲ್ಲಿ.

‘ಗೇರ್‌ಬಾಕ್ಸ್ ಕವರ್ ಆಗುತ್ತೆ ಸಾರ್’

ಪೋಲೊ ಜಿಟಿ ಟಿಎಸ್‌ಐನ ಹಳೆಯ ಮಾದರಿಗಳಲ್ಲಿರುವುದು ಡ್ರೈ ಕ್ಲಚ್‌ನ 7 ಸ್ಪೀಡ್ ಡಿಎಸ್‌ಜಿ. ಅದರ ಕ್ಲಚ್ ತಂಪಾಗಲು ಎಣ್ಣೆಯಿಲ್ಲ. ದಸರಾ ದೀಪಾಲಂಕಾರ ನೋಡಲು ಸಯ್ಯಾಜಿರಾವ್ ರಸ್ತೆಯಲ್ಲಿ ಆಮೆಗತಿಯಲ್ಲಿ ಒಂದು ಗಂಟೆ ತೆವಳಿದರೆ ಅದು ಚೆನ್ನಾಗಿ ಕಾಯುತ್ತದೆ. ನಾಳೆ ಗೇರ್ ಜರ್ಕ್ ಹೊಡೆದರೆ ಅದು ಕ್ಲಚ್ ಸವೆತವೋ ಮೆಕಾಟ್ರಾನಿಕ್ಸ್ ದೋಷವೋ? ಮೊದಲನೆಯದಾದರೆ ಖರ್ಚು ನಿಮ್ಮದು, ಎರಡನೆಯದಾದರೆ ಅವರದು. ತೀರ್ಮಾನಿಸುವವರು ಮಾತ್ರ ಅವರೇ. ಗೆಳೆಯನೊಬ್ಬ ಕಳಿಸಿದ ಕರಾರಿನಲ್ಲಿ ‘ಎಣ್ಣೆಯಲ್ಲಿ ಮುಳುಗಿರುವ ಒಳಭಾಗಗಳು ಮಾತ್ರ’ ಎಂಬ ಸಾಲಿತ್ತು. ಶೋರೂಮಿನಲ್ಲಿ ಅವನಿಗೆ ಹೇಳಿದ್ದು ‘ಗೇರ್‌ಬಾಕ್ಸ್ ಕವರ್ ಆಗುತ್ತೆ ಸಾರ್’ ಅಂತ. ಡ್ರೈ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದೇ ಇಲ್ಲ!

ಇದೇ ಡಿಎಸ್‌ಜಿ ವಿಚಾರದಲ್ಲಿ ಚೀನಾದಲ್ಲಿ ಏನಾಯಿತು ನೋಡಿ. ದೂರುಗಳು ಹೆಚ್ಚಿದಾಗ ಫೋಕ್ಸ್‌ವ್ಯಾಗನ್ 2012ರಲ್ಲಿ ಅಲ್ಲಿನ ಗ್ರಾಹಕರಿಗೆ ಆ ಗೇರ್‌ಬಾಕ್ಸ್‌ನ ವಾರಂಟಿಯನ್ನು 10 ವರ್ಷಕ್ಕೆ ವಿಸ್ತರಿಸಿತು. 2013ರ ಮಾರ್ಚ್ 15ರ ಗ್ರಾಹಕರ ದಿನದಂದು ಸರ್ಕಾರಿ ಟಿವಿ ಈ ದೋಷವನ್ನು ಬಯಲಿಗೆಳೆದ ಕೆಲವೇ ದಿನಗಳಲ್ಲಿ 3,84,181 ಕಾರುಗಳನ್ನು ವಾಪಸ್ ಕರೆಸಿಕೊಂಡಿತು. ಅಲ್ಲಿ ವಾರಂಟಿ ವಿಸ್ತರಣೆ ಗ್ರಾಹಕ ಕೊಂಡ ಸರಕಲ್ಲ, ಒತ್ತಡ ಹಾಕಿ ಪಡೆದ ಹಕ್ಕು.

ಅಮೆರಿಕದಲ್ಲಿ ನಿಯಂತ್ರಣವಿದ್ದೂ ಪರಿಸ್ಥಿತಿ ಪೂರ್ತಿ ಸರಿಯಿಲ್ಲ. ಜಾಹೀರಾತಿನಲ್ಲಿ ಎಲ್ಲವೂ ಕವರ್ ಎಂಬಂತೆ ಬಿಂಬಿಸಿದ ಆರೋಪದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕ್ರಮಕ್ಕೆ ಮುಂದಾಗಿ, 2024ರ ಜುಲೈನಲ್ಲಿ ಕಾರ್‌ಶೀಲ್ಡ್ ಮತ್ತು ಅದರ ಸಹ ಕಂಪನಿ 1 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ಹಿಂದಿನವನು ಮಾಡಿದ್ದಕ್ಕೆ ನೀವು ಹೊಣೆ

ಸ್ಪೋರ್ಟ್ಸ್ ಕಾರಿಗೆ ಅಂಟಿದ ಇನ್ನೊಂದು ಅಪಾಯ ರೀಮ್ಯಾಪ್. ಇಸಿಯುವಿನ ಸಾಫ್ಟ್‌ವೇರ್ ತಿದ್ದಿ ಶಕ್ತಿ ಹೆಚ್ಚಿಸಿಕೊಳ್ಳುವುದು ಈ ವಲಯದಲ್ಲಿ ಮಾಮೂಲಿ. ಮಾರುವ ಮುಂಚೆ ಹಳೆ ಸಾಫ್ಟ್‌ವೇರ್ ವಾಪಸ್ ಹಾಕಿಸಿದರೆ ಓಡಿಸಿ ನೋಡಿದವರಿಗೆ ತಿಳಿಯುವುದಿಲ್ಲ. ಆದರೆ ಫೋಕ್ಸ್‌ವ್ಯಾಗನ್ ಸಮೂಹದ ಸರ್ವರ್‌ನಲ್ಲಿ ‘ಟಿಡಿ1’ ಎಂಬ ಗುರುತು ಬಿದ್ದಿದ್ದರೆ ಅದು ಹಾಗೇ ಉಳಿಯುತ್ತದೆ. ಮೂರನೇ ಮಾಲೀಕನಾದ ನೀವು ಕ್ಲೇಮ್ ಹಾಕಿದ ದಿನ, ಮೊದಲ ಮಾಲೀಕನ ಶೋಕಿಗೆ ನಿಮ್ಮ ಕ್ಲೇಮ್ ತಿರಸ್ಕೃತವಾಗಬಹುದು. ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಓಡಿಸಿದ ಕಾರಿಗೂ ಇದೇ ಗತಿ. ಟ್ರ್ಯಾಕ್ ಬಳಕೆಯನ್ನು ಇಂಥ ಕರಾರುಗಳು ಸಾಮಾನ್ಯವಾಗಿ ಹೊರಗಿಡುತ್ತವೆ.

ಮೈಸೂರಿನವರಿಗೆ ದೂರವೂ ಒಂದು ಖರ್ಚು. ಅಧಿಕೃತ ಸರ್ವೀಸ್ ಸೆಂಟರ್‌ನಲ್ಲೇ, ಹೇಳಿದ ಅವಧಿಯಲ್ಲೇ ಸರ್ವೀಸ್ ಆಗಬೇಕೆಂಬ ಷರತ್ತು ಇರುತ್ತದೆ. ಊರಿನ ಗ್ಯಾರೇಜಿನಲ್ಲಿ ಒಮ್ಮೆ ಆಯಿಲ್ ಬದಲಿಸಿದರೆ ಅದೇ ತಿರಸ್ಕಾರಕ್ಕೆ ನೆಪ. ಪೋರ್ಷೆಯಂಥ ಕಾರಿಗೆ ಅಧಿಕೃತ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ದಾರಿ ಹತ್ತಿರವಾಯಿತು ನಿಜ, ಆದರೆ ಕೆಟ್ಟ ಕಾರು ತಾನಾಗಿ ಓಡಿಹೋಗುವುದಿಲ್ಲ. ಟೋಯಿಂಗ್ ಖರ್ಚು ವಾರಂಟಿಯಲ್ಲಿ ಇದೆಯಾ, ಎಷ್ಟು ಕಿ.ಮೀ.ವರೆಗೆ ಅಂತ ಮೊದಲೇ ಕೇಳಿ.

ವಾರಂಟಿ ಮುಟ್ಟಲಾರದ ಅಪಾಯವೂ ಒಂದಿದೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ವಶಕ್ಕೆ ಪಡೆಯಿತು. ಬೇರೆ ರಾಜ್ಯದ ನಂಬರಿನ ಕಾರು ಅಗ್ಗಕ್ಕೆ ಸಿಕ್ಕಿತೆಂದು ತಂದು, ಇಲ್ಲಿ 12 ತಿಂಗಳು ಮೀರಿ ಓಡಿಸಿದರೆ ಮರುನೋಂದಣಿಯೂ ಆಗಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ಆ ದುಡ್ಡು ಗೇರ್‌ಬಾಕ್ಸಿನ ಬಿಲ್ಲನ್ನೂ ಮೀರಿಸಬಹುದು.

ಬಿಟ್ಟಿ ವಾರಂಟಿ, ಕೊಂಡ ವಾರಂಟಿ

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರಿನ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದರು. ಈ ಬಗೆಯ ಕೆಲಸಕ್ಕೆ 2001ರಲ್ಲಿ ಅವರಿಗೆ ನೊಬೆಲ್ ಬಂತು. ಮಾರುವವನಿಗೆ ಕಾರಿನ ಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ವಾರಂಟಿ ಆ ಅಂತರವನ್ನು ತುಂಬುವ ಒಂದು ದಾರಿ. ತನ್ನ ಕಾರು ಚೆನ್ನಾಗಿದೆ ಎಂದು ಗೊತ್ತಿರುವವನು ಧೈರ್ಯವಾಗಿ ಭರವಸೆ ಕೊಡಬಲ್ಲ.

ಆದರೆ ಹಾಗಾಗಬೇಕಾದರೆ ಕಾರು ಕೆಟ್ಟಾಗ ಪೆಟ್ಟು ಮಾರುವವನಿಗೇ ಬೀಳಬೇಕು. ಡೀಲರ್ ತನ್ನ ಬೆಲೆಯೊಳಗೇ ವಾರಂಟಿ ಸೇರಿಸಿ ಕೊಟ್ಟರೆ ಅದು ಕಾರಿನ ಬಗ್ಗೆ ಏನನ್ನೋ ಹೇಳುತ್ತದೆ. ನಿಮ್ಮಿಂದ ಪ್ರತ್ಯೇಕ ದುಡ್ಡು ಪಡೆದು ಮೂರನೆಯವರ ಕಾಗದ ಕೊಟ್ಟರೆ ಏನೂ ಹೇಳುವುದಿಲ್ಲ. ಹಾಗಾಗಿ ಗೆಳೆಯರಿಗೆ ನಾನು ಹೇಳುವುದು: ಒಂದು ವರ್ಷದ ವಾರಂಟಿಯನ್ನು ಬೆಲೆಯಲ್ಲೇ ಸೇರಿಸಿ ಅಂತ ಕೇಳಿ. ಚೌಕಾಸಿಯಲ್ಲಿ ಸೋತರೂ ಪರವಾಗಿಲ್ಲ, ಆ ಉತ್ತರವೇ ಒಂದು ತಪಾಸಣೆ.

ಕ್ಲೇಮ್ ತಿರಸ್ಕಾರವಾದರೆ?

ಡೀಲರ್ ಅಥವಾ ವಾರಂಟಿ ಕಂಪನಿ ತಾನೇ ಕೊಡುವ ವಾರಂಟಿ ವಿಮೆಯಲ್ಲ. ಹಾಗಾಗಿ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಲಾಗದು. ಉಳಿದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. 50 ಲಕ್ಷದವರೆಗಿನ ಪ್ರಕರಣಗಳನ್ನು ಜಿಲ್ಲಾ ಆಯೋಗ ಕೇಳುತ್ತದೆ. ನೀವು ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಮೈಸೂರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದ ಗಡುವು ನೆನಪಿರಲಿ. ಸಹಾಯವಾಣಿ 1915.

ಇಲ್ಲೂ ಒಂದು ತೊಡಕಿದೆ. ‘ಸೇವಾ ನ್ಯೂನತೆ’ ಎಂದರೆ ಜಿಲ್ಲಾ ಆಯೋಗ ಸಾಕು. ಆದರೆ ಕರಾರಿನ ಷರತ್ತೇ ಅನ್ಯಾಯದ್ದು ಅಂತ ಪ್ರಶ್ನಿಸಬೇಕಾದರೆ, ಆ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ. 53,100 ರೂಪಾಯಿಯ ಕಾಗದಕ್ಕಾಗಿ ಎಷ್ಟು ಜನ ಬೆಂಗಳೂರಿಗೆ ಅಲೆದಾರು?

ವಿಮಾ ಕಂಪನಿಗಳು ಎಷ್ಟು ಕ್ಲೇಮ್ ಪಾವತಿಸಿದವು ಎಂಬ ಲೆಕ್ಕ ಐಆರ್‌ಡಿಎಐ ವರದಿಯಲ್ಲಿ ಪ್ರತಿವರ್ಷ ಪ್ರಕಟವಾಗುತ್ತದೆ. ವಾರಂಟಿ ಮಾರುವವರೂ ನೂರು ಕ್ಲೇಮಿಗೆ ಎಷ್ಟು ಕೊಟ್ಟೆವು ಅಂತ ಶೋರೂಮಿನ ಗೋಡೆಗೆ ಅಂಟಿಸಲಿ. ಹಳೆ ವಾಹನ ಡೀಲರ್‌ಗಳಿಗೆ ಅಧಿಕೃತ ಮಾನ್ಯತೆ ಕಡ್ಡಾಯ ಮಾಡುವ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಜೊತೆಗೆ ಈ ಒಂದು ಷರತ್ತು ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.

ಅಲ್ಲಿಯವರೆಗೆ ನನ್ನ ಉತ್ತರ ಹೀಗೆ. ಕಾರು ತಯಾರಿಸಿದ ಕಂಪನಿಯೇ ಕೊಡುವ ವಾರಂಟಿ, ಮೆಕಾಟ್ರಾನಿಕ್ಸ್ ಮತ್ತು ಟರ್ಬೊ ಹೆಸರು ಹಿಡಿದು ಬರೆದಿರುವ ಕರಾರು, ಕ್ಲೇಮ್ ಮಿತಿ ರಿಪೇರಿ ಖರ್ಚಿಗೆ ಹತ್ತಿರ, ಇಸಿಯು ತಪಾಸಣೆಯ ವರದಿ ಕೈಯಲ್ಲಿ: ಈ ನಾಲ್ಕೂ ಇದ್ದು, ದೊಡ್ಡ ಬಿಲ್ಲನ್ನು ತಡೆಯುವ ಶಕ್ತಿ ನಿಮಗಿಲ್ಲದಿದ್ದರೆ, ಹಾಕಿಸಿ. ನಾಲ್ಕರಲ್ಲಿ ಒಂದು ತಪ್ಪಿದರೂ ಆ ದುಡ್ಡನ್ನು ಬ್ಯಾಂಕಿನ ಬೇರೆ ಖಾತೆಯಲ್ಲಿಡಿ. ಕಾರು ಕೆಟ್ಟರೆ ಅದು ರಿಪೇರಿಗೆ, ಕೆಡದಿದ್ದರೆ ಮುಂದಿನ ಟೈರಿಗೆ.