ಎಲ್ಲದಕ್ಕೂ ತಜ್ಞರ ಸಾಕ್ಷ್ಯ ಬೇಕೇ?



ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿಗೆ ಹಾಕುವುದು ತಪ್ಪೆಂದು ಹೇಳಲು ವೈದ್ಯಕೀಯ ಪದವಿ ಬೇಕೇ? 1963ರಲ್ಲಿ ಔರಂಗಾಬಾದ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ನಂತರ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯ ಹೊಟ್ಟೆಯಲ್ಲಿ ಟವೆಲ್ ಉಳಿದುಹೋಗಿತ್ತು. ಆಕೆ ಬದುಕಲಿಲ್ಲ. ನಿರ್ಲಕ್ಷ್ಯ ಎದ್ದು ಕಾಣುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳುವಷ್ಟರಲ್ಲಿ 1996 ಬಂದಿತ್ತು.

ಹೈದರಾಬಾದಿನ ಇನ್ನೊಂದು ಪ್ರಕರಣ. ಚಳಿಜ್ವರದಿಂದ ಬಂದ ಮಹಿಳೆಗೆ ಮಲೇರಿಯಾ ಇತ್ತು. ಕೊಟ್ಟದ್ದು ಟೈಫಾಯ್ಡ್ ಚಿಕಿತ್ಸೆ. ಆಕೆ ತೀರಿಕೊಂಡರು. ಜಿಲ್ಲಾ ಗ್ರಾಹಕ ವೇದಿಕೆ ಕೊಡಿಸಿದ 2 ಲಕ್ಷ ರೂಪಾಯಿ ಪರಿಹಾರವನ್ನು ಮೇಲಿನ ಹಂತದ ಆಯೋಗ ತಜ್ಞರ ಸಾಕ್ಷ್ಯ ಇಲ್ಲವೆಂದು ರದ್ದು ಮಾಡಿತು. ತಪ್ಪು ತಾನಾಗಿ ಗೋಚರಿಸುವಾಗ, ಪ್ರತಿಯೊಂದು ಪ್ರಕರಣದಲ್ಲೂ ತಜ್ಞರನ್ನು ಕೇಳಬೇಕಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಆದರೂ ಫೈಲು ಹಿಡಿದು ಅಭಿಪ್ರಾಯಪತ್ರಕ್ಕಾಗಿ ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆಯುವವರಿದ್ದಾರೆ. ತಮ್ಮದೇ ವೃತ್ತಿಯವರ ವಿರುದ್ಧ ಬರೆದುಕೊಡಲು ಎಷ್ಟು ವೈದ್ಯರು ಮುಂದೆ ಬಂದಾರು?

ಜಟಿಲ ಚಿಕಿತ್ಸೆಯ ವಿಷಯದಲ್ಲಿ ತಜ್ಞರ ಮಾತು ಬೇಕೇ ಬೇಕು. ಇಲ್ಲದಿದ್ದರೆ ಪ್ರಾಮಾಣಿಕ ವೈದ್ಯರಿಗೂ ಅನ್ಯಾಯವಾದೀತು. ಅಂಥ ಕಡೆ ರಾಜ್ಯದ ಗ್ರಾಹಕ ಆಯೋಗಗಳೇ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಂದ ಕಾಲಮಿತಿಯೊಳಗೆ ವರದಿ ತರಿಸಲಿ. ತಜ್ಞರ ಅಗತ್ಯವಿದೆಯೇ ಎಂಬುದು ಮೊದಲ ವಿಚಾರಣೆಗಳಲ್ಲೇ ತೀರ್ಮಾನವಾಗಲಿ. 2010ರ ತೀರ್ಪಿನ ಸಾರವನ್ನು ದೂರು ಸ್ವೀಕರಿಸುವ ಕೌಂಟರಿನಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕೆಂದು ವಿನಂತಿ.

— ಓದುಗರೊಬ್ಬರು, ಮೈಸೂರು