ಔಷಧದಾನವೂ ಅಭಯದಾನವೂ

ಅಪಸ್ಮಾರಕ್ಕೆ ಆಯುರ್ವೇದವು ಹೇಳುವ ಮದ್ದುಗಳಲ್ಲಿ ಬೂದುಗುಂಬಳದ ರಸ ಮತ್ತು ಜ್ಯೇಷ್ಠಮಧು ಸೇರಿಸಿ ಕಾಸಿದ ಕೂಷ್ಮಾಂಡ ಘೃತವೂ ಒಂದು. ಹಣ್ಣುಕಾಯಿಯ ಮದ್ದೆಂದರೆ ಹಿಂಸೆಯಿಲ್ಲದ ಮದ್ದು ಎಂಬುದು ರಾಜಾಜಿನಗರ, ವಿಜಯನಗರಗಳ ನಮ್ಮ ಶ್ರಾವಕರ ಮನೆಗಳಲ್ಲಿ ಸಹಜವಾದ ಭಾವನೆ. ಆದರೆ ಇಂತಹ ಫಲಗಳ ಸಾರವನ್ನು ಇಂದು ಪ್ರಯೋಗಾಲಯಗಳಲ್ಲಿ ಇಲಿಗಳ ಮೇಲೆ ಪರೀಕ್ಷಿಸಲಾಗುತ್ತಿದೆ.

ಪರೀಕ್ಷೆಯ ಕ್ರಮವನ್ನು ಅರಿಯುವುದು ಅಗತ್ಯ. ಇಲಿಗೆ ಸಾರವನ್ನು ಕುಡಿಸಿ, ಕಿವಿಗಳಿಗೆ ವಿದ್ಯುದ್ವಾರ ಸಿಕ್ಕಿಸಿ, ಸುಮಾರು 150 ಮಿಲಿಆಂಪಿಯರ್ ವಿದ್ಯುತ್ತನ್ನು 0.2 ಸೆಕೆಂಡ್ ಹರಿಸುತ್ತಾರೆ. ಹಿಂಗಾಲುಗಳು ಸೆಟೆದುಕೊಂಡವೇ, ಎಷ್ಟು ಹೊತ್ತು ಎಂದು ಎಣಿಸುತ್ತಾರೆ. ಅರಿವಳಿಕೆ ಕೊಟ್ಟರೆ ಸೆಳವೇ ಅಡಗುವುದರಿಂದ ಅದನ್ನು ಕೊಡುವಂತಿಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಇಲ್ಲಿ ನೆನೆಯಬೇಕು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪಂಜರ, ಸೂಜಿ, ಪ್ರಯೋಗಕ್ಕೆ ಮುನ್ನ ಕೆಡವುವ ಉಪವಾಸ! ಆಚಾರ್ಯರು ಎತ್ತು, ಆಳುಗಳನ್ನು ಕಂಡು ಹೇಳಿದ ಮಾತು ಇಲಿಯ ಗೂಡಿಗೂ ಹೊಂದುತ್ತದೆ. ವೈದ್ಯನ ಶಸ್ತ್ರವೂ ನೋಯಿಸುವುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ನೋವುಂಡವನಿಗೇ ಹಿತವೂ ಒದಗುತ್ತದೆ. ಇಲಿಗೆ ಆ ಹಿತವಿಲ್ಲ.

ಹಾಗೆಂದು ವಿಜ್ಞಾನವನ್ನು ಸುಮ್ಮನೆ ದೂರುವುದು ನ್ಯಾಯವಲ್ಲ. 1938ರಲ್ಲಿ ಬಳಕೆಗೆ ಬಂದ ಫೆನಿಟಾಯಿನ್ ಬೆಕ್ಕುಗಳ ಮೇಲಿನ ಇಂತಹುದೇ ಪ್ರಯೋಗದ ಫಲ. ಅದರಿಂದ ಅಸಂಖ್ಯ ರೋಗಿಗಳು ಬದುಕಿದ್ದಾರೆ. ಮೂರ್ಛೆರೋಗಿಯು ವ್ರತದ ಹೆಸರಿನಲ್ಲಿ ಮಾತ್ರೆ ಬಿಡುವುದು ಅಪಾಯಕರ. ಆದರೆ ಪರೀಕ್ಷೆಯೂ ದೋಷಾತೀತವಲ್ಲ. ಇಂದು ವ್ಯಾಪಕವಾಗಿ ಬಳಸುವ ಲೆವೆಟಿರಾಸೆಟಾಮ್ ಈ ವಿದ್ಯುತ್ ಪರೀಕ್ಷೆಯಲ್ಲಿ ನಿಷ್ಫಲವೆನಿಸಿತ್ತು.

ಜೈನರಿಗೆ ಈ ಚರ್ಚೆ ಹೊಸದಲ್ಲ. ಅಮೋಘವರ್ಷನ ಕಾಲದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧುಗಳಿಲ್ಲದ ವೈದ್ಯವನ್ನೇ ಕಟ್ಟಿಕೊಟ್ಟರು. ಔಷಧದಾನಕ್ಕಾಗಿ ಅಭಯದಾನವನ್ನು ಬಲಿಕೊಡಲು ಅವರು ಒಪ್ಪಲಿಲ್ಲ.

ಪ್ರಯೋಗವನ್ನು ಸಾಧ್ಯವಿದ್ದಲ್ಲೆಲ್ಲ ತಪ್ಪಿಸಬೇಕೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಆಶಿಸುತ್ತದೆ. 2023ರಲ್ಲಿ ತಿದ್ದುಪಡಿಯಾದ ಹೊಸ ಔಷಧಗಳ ನಿಯಮಗಳು ಮಾನವ ಜೀವಕೋಶಗಳ ಮೇಲಿನ ಪರೀಕ್ಷೆ, ಗಣಕ ಮಾದರಿಗಳಿಗೂ ಅವಕಾಶವಿತ್ತಿವೆ, ಕಡ್ಡಾಯವನ್ನಂತೂ ಮಾಡಿಲ್ಲ. ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯಲ್ಲಿ ವಿಜ್ಞಾನಿಯಲ್ಲದ, ಸಾಮಾಜಿಕ ಕಳಕಳಿಯುಳ್ಳ ಒಬ್ಬ ಸದಸ್ಯ ಇರಲೇಬೇಕು. ಶತಮಾನಗಳಿಂದ ಪರಿಚಿತವಾದ ಬೂದುಗುಂಬಳಕ್ಕೆ ಮತ್ತೆಷ್ಟು ಇಲಿಗಳು ಬೇಕು ಎಂದು ಕೇಳುವ ಅಧಿಕಾರ ಆ ಸದಸ್ಯನಿಗಿದೆ.